ಚಿಲ್ಲರೆಯ ಲೆಕ್ಕ

ಕಳೆದ ತಿಂಗಳು ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ನನ್ನೆದುರು ಒಂದು ಕಾಗದ ಹರಡಿದರು. ಮಗಳ ಮದುವೆಗೆಂದು ಕೂಡಿಟ್ಟ ಹಣದಲ್ಲಿ ಒಂದು ಪಾಲನ್ನು ಬಿಟ್‌ಕಾಯಿನ್‌ನಲ್ಲಿ ತೊಡಗಿಸಬೇಕೋ ಈಥರ್‌ನಲ್ಲಿ ತೊಡಗಿಸಬೇಕೋ ಎಂಬುದು ಅವರ ಜಿಜ್ಞಾಸೆ. ಯಾವುದರ ದಿನದ ವಹಿವಾಟು ದೊಡ್ಡದೋ ಅದೇ ಗಟ್ಟಿಯೆಂದು ಅವರ ತರ್ಕ. ಕನ್ನಡ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಏನು ಅಧಿಕಾರವೆಂದು ವಾಚಕರು ಕೇಳಬಹುದು. ಆದರೆ ತೊಡಕು ಇದ್ದುದು ಶಬ್ದಾರ್ಥದಲ್ಲಿಯೇ. ‘ವಹಿವಾಟು’ ಎಂಬ ಒಂದೇ ಮಾತಿಗೆ ಆ ಎರಡು ಕಡೆಗಳಲ್ಲಿ ಎರಡು ಅರ್ಥಗಳಿವೆ.

ಈ ನಾಣ್ಯಗಳಿಗೆ ಟಂಕಸಾಲೆಯಿಲ್ಲ, ರಿಸರ್ವ್ ಬ್ಯಾಂಕಿನ ಮುದ್ರೆಯಿಲ್ಲ. ಇರುವುದೆಲ್ಲ ಬ್ಲಾಕ್‌ಚೈನ್ ಎಂಬ ಕಿರ್ದಿ ಪುಸ್ತಕ. ಅದರ ಪ್ರತಿಗಳು ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿವೆ. ಯಾರು ಬೇಕಾದರೂ ತೆರೆದು ಓದಬಹುದು. ಕಿರ್ದಿಯನ್ನು ದಿಂಬಿನಡಿಯಲ್ಲಿಟ್ಟು ಮಲಗುವ ಸಾಹುಕಾರರನ್ನು ಬಲ್ಲ ನಮಗೆ ಇದೊಂದು ಬೆರಗೇ ಸರಿ! ಬಿಟ್‌ಕಾಯಿನ್ನಿನ ಮೊದಲ ಪುಟ 2009ರ ಜನವರಿ 3ರದು. ಈಥರ್ ಓಡಾಡುವ ಈಥರಿಯಂ ಕಿರ್ದಿ ಆರಂಭವಾದದ್ದು 2015ರ ಜುಲೈಯಲ್ಲಿ. ಎರಡರಲ್ಲಿಯೂ ಜನರ ಹೆಸರುಗಳಿಲ್ಲ. ಅಕ್ಷರ ಅಂಕಿಗಳ ವಿಳಾಸಗಳಷ್ಟೇ ಇವೆ.

ಬಿಟ್‌ಕಾಯಿನ್ನಿನ ರೀತಿ ನಮ್ಮ ನೋಟಿನ ರೀತಿ. ಹತ್ತು ನಾಣ್ಯದ ಒಂದು ಗಂಟು ಬಂದಿದ್ದರೆ, ಒಂದು ನಾಣ್ಯ ಕೊಡುವುದಕ್ಕೂ ಇಡೀ ಗಂಟನ್ನೇ ಬಿಚ್ಚಬೇಕು. ಒಂದು ಅಂಗಡಿಯವನಿಗೆ ಹೋಗುತ್ತದೆ. ಉಳಿದುದು, ಶುಲ್ಕ ಕಳೆದು, ಚಿಲ್ಲರೆಯಾಗಿ ಕೊಟ್ಟವನಿಗೇ ಮರಳುತ್ತದೆ, ಅದೂ ಸಾಮಾನ್ಯವಾಗಿ ಹೊಸದೊಂದು ವಿಳಾಸಕ್ಕೆ! ಕಿರ್ದಿಯನ್ನು ಕೂಡಿಸಿದವನಿಗೆ ಹತ್ತು ನಾಣ್ಯಗಳ ವ್ಯಾಪಾರ ಕಾಣುತ್ತದೆ; ನಡೆದದ್ದು ಒಂದರದು. ಯಾವುದು ಸಂದಾಯ, ಯಾವುದು ಚಿಲ್ಲರೆ ಎಂಬುದನ್ನು ಪಂಡಿತರು ಊಹಿಸಬೇಕೇ ಹೊರತು ಪುಸ್ತಕ ಹೇಳುವುದಿಲ್ಲ. ಈಥರಿಯಂನ ರೀತಿ ಬ್ಯಾಂಕಿನ ಖಾತೆಯಂತೆ: ಒಂದು ಕೊಟ್ಟರೆ ಒಂದೇ ಕಳೆಯುತ್ತದೆ, ಚಿಲ್ಲರೆಯ ಮಾತಿಲ್ಲ. ಆದರೆ ಅಲ್ಲಿ ಒಂದು ಈಥರ್ ಕೂಡ ಕೈ ಬದಲಿಸದೆ, ಬೇರೆ ನಾಣ್ಯಗಳನ್ನೋ ಕರಾರುಗಳನ್ನೋ ನಡೆಸುವ ನಮೂದುಗಳು ಅಸಂಖ್ಯ. ಹೀಗೆ ಒಂದರಲ್ಲಿ ಮೊತ್ತ ಉಬ್ಬುತ್ತದೆ, ಇನ್ನೊಂದರಲ್ಲಿ ಕುಗ್ಗುತ್ತದೆ. ಇದಲ್ಲದೆ ವಿನಿಮಯ ಕೇಂದ್ರಗಳೊಳಗಿನ ಕೊಳ್ಳುವಿಕೆ ಮಾರಾಟಗಳಲ್ಲಿ ಬಹುಪಾಲು ಆ ಕೇಂದ್ರಗಳ ಸ್ವಂತ ಲೆಕ್ಕದಲ್ಲೇ ಮುಗಿದು, ಈ ಪುಸ್ತಕಗಳ ಮುಖವನ್ನೇ ಕಾಣುವುದಿಲ್ಲ.

ಹಾಗಾದರೆ ಹೋಲಿಸುವುದು ಯಾವುದನ್ನು? ನಮೂದಿಗಾಗಿ ಜನರು ತೆರುವ ಶುಲ್ಕವನ್ನು ಎಂದು ನನಗೆ ತೋರುತ್ತದೆ. ಅದು ಜೇಬಿನಿಂದ ನಿಜವಾಗಿ ಹೋದ ಹಣ. ಆದರೂ ಎಚ್ಚರ ಬೇಕು. ಬಿಟ್‌ಕಾಯಿನ್ನಿನಲ್ಲಿ ಶುಲ್ಕವೆಲ್ಲ ಕಿರ್ದಿ ಬರೆಯುವವರ ಕೂಲಿ. ಅವರಿಗೆ ಈಗ ಮುಖ್ಯ ಜೀವನಾಧಾರ ಹೊಸ ನಾಣ್ಯ: ಒಂದೊಂದು ಬ್ಲಾಕಿಗೆ 2009ರಲ್ಲಿ 50 ಇದ್ದುದು ನಾಲ್ಕು ಸಲ ಅರ್ಧವಾಗಿ 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಒಟ್ಟು 2.1 ಕೋಟಿಯ ಮಿತಿ ಮುಟ್ಟಿದ ಮೇಲೆ ಶುಲ್ಕವೊಂದೇ ಗತಿ. ಈಥರಿಯಂನಲ್ಲಿ ಅಂಥ ಮಿತಿಯಿಲ್ಲ. ಬದಲಿಗೆ 2021ರ ಆಗಸ್ಟ್‌ನಿಂದ ಮೂಲ ಶುಲ್ಕವನ್ನು ಸುಟ್ಟುಬಿಡುತ್ತಾರೆ. ಸುಟ್ಟದ್ದು ಹೊಸದಾಗಿ ಹುಟ್ಟಿದ್ದನ್ನು ಮೀರಿದ ದಿನ ಈಥರ್‌ಗಳ ಒಟ್ಟು ಸಂಖ್ಯೆಯೇ ತಗ್ಗುತ್ತದೆ.

ಸಹೋದ್ಯೋಗಿಗಳು ಇದನ್ನೆಲ್ಲ ಸಹನೆಯಿಂದ ಕೇಳಿದರು. 2022ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಇಂಥ ಲಾಭದ ಮೇಲೆ ಶೇಕಡ 30ರ ತೆರಿಗೆಯಿದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ ಎಂದಾಗ ಮಾತ್ರ ಅವರ ಮುಖ ಸಣ್ಣದಾಯಿತು. ಕಾಗದವನ್ನು ಮಡಿಸಿ ಜೇಬಿಗೆ ಸೇರಿಸುತ್ತ, “ಮನೆಯವರನ್ನೂ ಒಂದು ಮಾತು ಕೇಳಿ ನೋಡುತ್ತೇನೆ” ಎಂದು ಎದ್ದರು.