ಜಾಲತಾಣದ ಜಾತ್ರೆ

ಸಂಕ್ರಾಂತಿಯಂದು ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ನೆರೆಯುವ ಜನಸಂದಣಿಯನ್ನು ನಮ್ಮ ಮುದನಾಳದ ಕಡೆಯವರಿಗೆ ವರ್ಣಿಸಬೇಕಾಗಿಲ್ಲ. ಜಾಲತಾಣಗಳಿಗೂ ಅಂತಹ ಜಾತ್ರೆಯುಂಟು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆಯು ಅಗ್ಗದ ಮಾರಾಟವನ್ನು ಸಾರಿ, 20 ಪಟ್ಟು ಸಂದಣಿಗೆಂದು ಸುಮಾರು 5000 ಸರ್ವರುಗಳನ್ನು ಅಣಿಗೊಳಿಸಿತ್ತು. ಆದರೂ ತಾಣ ತತ್ತರಿಸಿತು. ಸ್ಥಾಪಕರು ಗ್ರಾಹಕರ ಕ್ಷಮೆ ಬೇಡಿದರು.

ಬರಿಯ ಯಂತ್ರಗಳನ್ನು ಹೆಚ್ಚಿಸುವುದೇ ಪರಿಹಾರವೆಂದು ನನಗೆ ತೋರುವುದಿಲ್ಲ. ನೀರು ಹಂಚುವ ಕೈ ನೂರಿದ್ದು, ಬಾವಿಗೆ ರಾಟೆ ಒಂದೇ ಇದ್ದರೆ ಫಲವೇನು? ಆ ಬಾವಿಯೇ ಡೇಟಾಬೇಸು ಎಂಬ ಲೆಕ್ಕದ ಪುಸ್ತಕ.

ಪರೀಕ್ಷೆಯ ಫಲಿತಾಂಶವನ್ನು ಲಕ್ಷ ಜನ ಒಮ್ಮೆಲೇ ಕೇಳಿದರೂ ಅಂಕಗಳು ಬದಲಾಗವು. ಆದುದರಿಂದ ಮುಂಚಿತವಾಗಿಯೇ ಪ್ರತಿ ಮಾಡಿ, ಹಲವು ಸರ್ವರುಗಳಲ್ಲಿಟ್ಟು ಹಂಚಬಹುದು. ಅದು ತುಂಬಿಟ್ಟ ಕೊಡದ ನೀರು. ಮಾರಾಟದ ಮಾತು ಬೇರೆ. ಹತ್ತು ಗಡಿಯಾರಗಳಿರುವಾಗ ಹನ್ನೊಂದನೆಯವನಿಗೆ ಮಾರಬಾರದಷ್ಟೆ! ಕೊಳ್ಳುವವರೆಲ್ಲರೂ ಪುಸ್ತಕದ ಅದೇ ಸಾಲನ್ನು ತಿದ್ದಬೇಕು. ಪುಸ್ತಕವನ್ನೇ ಬಿಡಿಸಿ, ಗಡಿಯಾರಕ್ಕೊಂದು, ಸೀರೆಗೊಂದು ಎಂದು ಬೇರೆ ಬೇರೆ ಯಂತ್ರಗಳಿಗೆ ಒಪ್ಪಿಸುವುದುಂಟು. ಎಲ್ಲರೂ ಒಂದೇ ಗಡಿಯಾರಕ್ಕೆ ಮುಗಿಬಿದ್ದರೆ ಅದೂ ಸಾಲದು. ಚೀಟಿ ಕೊಟ್ಟು ಸರದಿಯಲ್ಲಿ ನಿಲ್ಲಿಸಬೇಕು.

ವಿದ್ಯಾರ್ಥಿವೇತನದ ಅರ್ಜಿಗಳಿಗಾದರೋ ಈ ಚೀಟಿಯೇ ಉತ್ತಮ. ಅರ್ಜಿಯನ್ನು ಮೊದಲು ಇಟ್ಟುಕೊಂಡು, ಪರಿಶೀಲನೆಯನ್ನು ರಾತ್ರಿ ನಡೆಸಿದರೆ, ನಮ್ಮ ಹುಡುಗರು ದಿನಗೂಲಿ ಬಿಟ್ಟು ಕಂಪ್ಯೂಟರ್ ಅಂಗಡಿಯಲ್ಲಿ ಕಾಯುವುದು ತಪ್ಪೀತು.