ಆಪರೇಷನ್‌ಗೆ ಮುಂಚೆ ನಮ್ಮದೇ ರಕ್ತ: ಯಾರಿಗೆ ಬೇಕು, ಯಾರಿಗೆ ಬೇಡ?

ದಿನ ಗೊತ್ತಾದ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ರಕ್ತವನ್ನೇ ವಾರಕ್ಕೊಂದು ಯೂನಿಟ್‌ನಂತೆ ತೆಗೆದಿಟ್ಟು, ಬೇಕಾದಾಗ ಅದನ್ನೇ ಏರಿಸುವ ಕ್ರಮ ಕೇಳಿದ ಕೂಡಲೇ ಮನಸ್ಸಿಗೆ ಹಿಡಿಸುತ್ತದೆ. ಬೇರೆಯವರ ಸೋಂಕಿನ ಭಯವಿಲ್ಲ, ಬದಲಿ ರಕ್ತದಾನಿಗಳಿಗಾಗಿ ನೆಂಟರಿಷ್ಟರ ಮನೆಗೆಲ್ಲ ಫೋನ್ ಮಾಡುವ ಪಾಡಿಲ್ಲ. 1980ರ ದಶಕದಲ್ಲಿ ರಕ್ತದ ಮೂಲಕ ಏಡ್ಸ್ ಹರಡುವುದು ತಿಳಿದಾಗ ಅಮೆರಿಕದ ಜನ ಈ ಕ್ರಮಕ್ಕೆ ಮುಗಿಬಿದ್ದರು. 1985ರಲ್ಲಿ ಎಚ್‌ಐವಿ ಪರೀಕ್ಷೆ ಬಂದ ಮೇಲೂ ಭಯ ಇಳಿಯಲಿಲ್ಲ. ಆ ಭಯಕ್ಕೆ ಕಾರಣವೂ ಇತ್ತು. ಆದರೂ ಬಹುಪಾಲು ರೋಗಿಗಳಿಗೆ ಈ ಕ್ರಮ ಒಳಿತಲ್ಲ, ನಮ್ಮ ದೇಶದಲ್ಲಂತೂ ಖಂಡಿತ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾರಣ ದೇಹದ ಲೆಕ್ಕಾಚಾರದಲ್ಲೇ ಇದೆ. ಒಂದು ಯೂನಿಟ್ ತೆಗೆದರೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಇಳಿಯುತ್ತದೆ, ಇನ್ನೂರು ಮಿಲಿಗ್ರಾಂಗೂ ಹೆಚ್ಚು ಕಬ್ಬಿಣಾಂಶ ಹೊರಹೋಗುತ್ತದೆ. ರಕ್ತದ ನೀರಿನಂಶ ಒಂದೆರಡು ದಿನದಲ್ಲಿ ತುಂಬಿಕೊಂಡರೂ ಕೆಂಪು ಕಣಗಳು ಮರಳಲು ವಾರಗಳೇ ಬೇಕು. ಹಾಗೆಂದು ಬಹಳ ಮೊದಲೇ ತೆಗೆದಿಡುವಂತೆಯೂ ಇಲ್ಲ. ಶೈತ್ಯದಲ್ಲಿಟ್ಟ ರಕ್ತ ಬಾಳುವುದು 35 ದಿನ, ವಿಶೇಷ ದ್ರಾವಣ ಬೆರೆಸಿದರೆ 42 ದಿನ. ಹೀಗಾಗಿ ರೋಗಿ ಕಳೆದುಕೊಂಡದ್ದನ್ನು ಪೂರ್ತಿ ಗಳಿಸಿಕೊಳ್ಳುವ ಮೊದಲೇ ಆಪರೇಷನ್ ಮೇಜಿಗೆ ಬರುತ್ತಾನೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2002ರ ಕಾಕ್ರೇನ್ ಪರಾಮರ್ಶೆ ಇದನ್ನೇ ತೋರಿಸಿತು: ಬೇರೆಯವರ ರಕ್ತ ಪಡೆದವರ ಪ್ರಮಾಣ ಕಡಿಮೆಯಾಯಿತು, ಆದರೆ ಸ್ವಂತದ್ದೂ ಸೇರಿ ರಕ್ತ ಏರಿಸಿಕೊಂಡವರ ಪ್ರಮಾಣ ಹೆಚ್ಚಿತು. ಅಂದರೆ ತೆಗೆದದ್ದರಿಂದಲೇ ಕೊಡಬೇಕಾದ ಸ್ಥಿತಿ ಎಷ್ಟೋ ಸಲ ಬಂದಿತು. ಇನ್ನೊಂದೆಡೆ, ಅಮೆರಿಕದಲ್ಲಿ ಹೀಗೆ ಸಂಗ್ರಹಿಸಿದ ರಕ್ತದ ಸುಮಾರು ಅರ್ಧದಷ್ಟು ಬಳಕೆಯಾಗದೆ ಹಾಳಾಯಿತು. ರೋಗಿಯಿಂದ ತೆಗೆದದ್ದಾದ್ದರಿಂದ ಅದನ್ನು ಸಾಮಾನ್ಯವಾಗಿ ಬೇರೆಯವರಿಗೆ ಕೊಡುವುದಿಲ್ಲ.

ಅಮೆರಿಕದ ಮಾತು ನಮಗೇಕೆ ಎಂದು ಕೇಳಬಹುದು. ದಾನಿಗೆ ಸೋಂಕು ತಗುಲಿದ ಮೊದಲ ದಿನಗಳಲ್ಲಿ ರಕ್ತನಿಧಿಗಳ ಸಾಮಾನ್ಯ ಎಲಿಸಾ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಬೇಗ ಪತ್ತೆಹಚ್ಚುವ ನ್ಯಾಟ್ ಪರೀಕ್ಷೆ ಅಲ್ಲಿ ಎಲ್ಲೆಡೆ ಇದೆ, ನಮ್ಮ ಎಲ್ಲ ರಕ್ತನಿಧಿಗಳಲ್ಲಿ ಇಲ್ಲ. ಈ ಆಕ್ಷೇಪದಲ್ಲಿ ಹುರುಳಿದೆ, ತಳ್ಳಿಹಾಕಲಾರೆ. ಆದರೆ ಸ್ವಂತ ರಕ್ತ ಕೊಡಲು ಹಿಮೋಗ್ಲೋಬಿನ್ ಕನಿಷ್ಠ 11 ಗ್ರಾಂ ಇರಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಮೊದಲೇ ಸೊರಗಿದ ದೇಹದಿಂದ ಇನ್ನಷ್ಟು ಬಸಿಯುವುದು ಯಾವ ರಕ್ಷಣೆ? ಚೀಟಿ ಅದಲುಬದಲಾಗಿ ಒಬ್ಬರ ರಕ್ತ ಇನ್ನೊಬ್ಬರಿಗೆ ಹೋಗುವ ಅಪಾಯ, ಚೀಲದಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಸ್ವಂತ ರಕ್ತದಲ್ಲೂ ತಪ್ಪುವುದಿಲ್ಲ. ನ್ಯಾಟ್ ಇಲ್ಲದ ಕೊರತೆಗೆ ಮದ್ದು ನ್ಯಾಟ್ ತರುವುದು, ಸ್ವಯಂಪ್ರೇರಿತ ದಾನಿಗಳನ್ನು ಹೆಚ್ಚಿಸುವುದು.

ಬೇರೆ ದಾರಿಯೇ ಇಲ್ಲದವರೂ ಇದ್ದಾರೆ. 1952ರಲ್ಲಿ ಡಾ. ವೈ.ಎಂ. ಭೆಂಡೆ ಮತ್ತು ಸಂಗಡಿಗರು ಗುರುತಿಸಿದ ಬಾಂಬೆ ಗುಂಪಿನವರು ಸಾಮಾನ್ಯ ಪರೀಕ್ಷೆಯಲ್ಲಿ ‘ಓ’ ಗುಂಪಿನವರಂತೆ ಕಾಣುತ್ತಾರೆ, ಆದರೆ ‘ಓ’ ರಕ್ತವೂ ಅವರಿಗೆ ಪ್ರಾಣಾಂತಿಕ. ಭಾರತದಲ್ಲಿ ಸರಿಸುಮಾರು ಹತ್ತು ಸಾವಿರಕ್ಕೊಬ್ಬರು ಇಂಥವರು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್‌ನಂಥ ಸಂಸ್ಥೆಗಳು ಇವರಿಗಾಗಿ ದಾನಿಗಳನ್ನು ಹುಡುಕಿ ಜೋಡಿಸುತ್ತವೆ. ಆದರೂ ದಾನಿ ಸಮಯಕ್ಕೆ ಸಿಗುವರೆಂಬ ಭರವಸೆ ಎಲ್ಲಿ? ಇವರಿಗೆ, ಹಾಗೂ ಅಪರೂಪದ ಪ್ರತಿಕಾಯಗಳಿಂದಾಗಿ ಹೊಂದುವ ರಕ್ತ ಸಿಗದವರಿಗೆ, ಸ್ವಂತ ರಕ್ತ ತೆಗೆದಿಡುವ ಸೌಲಭ್ಯ ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಇರಲೇಬೇಕು.

ಉಳಿದವರಿಗೆ ರಕ್ತ ಬೇಕಾಗದಂತೆ ನೋಡಿಕೊಳ್ಳುವುದೇ ಲೇಸು. ಜಪಾನಿನ ಒಕಾಮೊಟೊ ದಂಪತಿ 1962ರಲ್ಲಿ ಪರಿಚಯಿಸಿದ ಟ್ರಾನೆಕ್ಸಾಮಿಕ್ ಆಮ್ಲ ಅಗ್ಗದ ಔಷಧಿ, ಆಪರೇಷನ್‌ನಲ್ಲಿ ರಕ್ತಸ್ರಾವವನ್ನು ಕಡಿಮೆ ಮಾಡುತ್ತದೆ. ಚೆಲ್ಲಿದ ರಕ್ತವನ್ನು ಅಲ್ಲೇ ತೊಳೆದು ಮರಳಿ ಕೊಡುವ ಯಂತ್ರಗಳೂ ಇವೆ. ಎಲ್ಲಕ್ಕಿಂತ ಮೊದಲು ರಕ್ತಹೀನತೆಗೆ ಚಿಕಿತ್ಸೆ ಆಗಬೇಕು, ಅದಕ್ಕೆ ಬೇಕಾದದ್ದು ಸಮಯ. ನಿಮಗೋ ಮನೆಯವರಿಗೋ ಆಪರೇಷನ್ ದಿನ ಗೊತ್ತಾಗಿದ್ದರೆ ಹಿಂದಿನ ದಿನದವರೆಗೆ ಕಾಯಬೇಡಿ. ತಿಂಗಳ ಮುಂಚೆಯೇ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಏಕೆಂದು ವೈದ್ಯರನ್ನು ಕೇಳಿ.