ದವಡೆ ಹಲ್ಲಿಗೆ ಬಿಳಿ ಸಿಮೆಂಟ್: ಎಷ್ಟು ವರ್ಷ ಬಾಳಿಕೆ?

ದವಡೆ ಹಲ್ಲಿನಲ್ಲಿ ಕಪ್ಪು ಗುಳಿ ಕಂಡಿತೆಂದು ದಂತವೈದ್ಯರ ಬಳಿ ಹೋಗುತ್ತೀರಿ. ಅವರು ಹುಳುಕನ್ನು ಕೊರೆದು ತೆಗೆದು, ಹಲ್ಲಿನದೇ ಬಣ್ಣದ ಪದಾರ್ಥವೊಂದನ್ನು ತುಂಬಿ, ನೀಲಿ ಬೆಳಕು ಹಾಯಿಸಿ, 'ಆಯಿತು, ಏಳಿ' ಎನ್ನುತ್ತಾರೆ. ಹಣ ಕೊಡುವಾಗ ನೀವು ಕೇಳುವ ಪ್ರಶ್ನೆ ಒಂದೇ: 'ಇದು ಎಷ್ಟು ವರ್ಷ ಬರುತ್ತೆ ಡಾಕ್ಟ್ರೇ?' ಮಿಕ್ಸಿಗೋ ಪಂಪ್‌ಸೆಟ್ಟಿಗೋ ಇರುವಂತೆ ಇದಕ್ಕೂ ಒಂದು ಗ್ಯಾರಂಟಿ ಅವಧಿ ಇರಬೇಕೆಂಬುದು ನಮ್ಮ ನಿರೀಕ್ಷೆ. ಪ್ರಶ್ನೆಯೇನೋ ಸರಿಯೇ. ಆದರೆ ಉತ್ತರ ಆ ಪದಾರ್ಥದ ಡಬ್ಬಿಯ ಮೇಲೆ ಇರುವುದಿಲ್ಲ. ಬಹುಪಾಲು ಅದು ನಿಮ್ಮ ಬಾಯೊಳಗೇ ಇರುತ್ತದೆ.

ಜನ 'ಬಿಳಿ ಸಿಮೆಂಟ್' ಎಂದು ಕರೆಯುವ ಇದರ ನಿಜವಾದ ಹೆಸರು ಕಾಂಪೊಸಿಟ್. ಅಂಟಿನಂಥ ಕೃತಕ ರಾಳದಲ್ಲಿ ಗಾಜಿನ ಅತಿ ಸೂಕ್ಷ್ಮ ಪುಡಿಯನ್ನು ಕಲಸಿ ಇದನ್ನು ತಯಾರಿಸುತ್ತಾರೆ. ಎನಾಮಲ್ ಮೇಲೆ ಆಮ್ಲ ಹಚ್ಚಿ ತುಸು ಒರಟು ಮಾಡಿದರೆ ರಾಳ ಅದನ್ನು ಭದ್ರವಾಗಿ ಕಚ್ಚಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಮೈಕೆಲ್ ಬ್ಯುನೊಕೋರ್ 1955ರಲ್ಲಿ ತೋರಿಸಿದರು. ಅದೇ ದೇಶದ ರಾಫೆಲ್ ಬೋವೆನ್ ರೂಪಿಸಿದ ರಾಳಕ್ಕೆ 1962ರಲ್ಲಿ ಪೇಟೆಂಟ್ ದೊರೆಯಿತು. ಮೊದಮೊದಲು ಇದು ಮುಂದಿನ ಹಲ್ಲುಗಳಿಗೆ ಮಾತ್ರ ಹೇಳಿಸಿದ್ದಾಗಿತ್ತು. ದವಡೆಗೆ ಹಾಕಿದರೆ ಜಗಿತಕ್ಕೆ ಬೇಗ ಸವೆದುಹೋಗುತ್ತಿತ್ತು. ಈಗಿನವು ಹಾಗೆ ಸವೆಯುವುದಿಲ್ಲ. ಇವು ಕೆಡುವುದಕ್ಕೆ ಮುಖ್ಯ ಕಾರಣಗಳು ಎರಡು: ಒಂದು, ತುಂಬಿದ್ದರ ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವುದು, ಇನ್ನೊಂದು, ತುಂಬಿದ್ದೋ ಹಲ್ಲೋ ಮುರಿಯುವುದು.

ಅಂಚಿನಲ್ಲೇ ಏಕೆ ಹುಳುಕು? ನೀಲಿ ಬೆಳಕಿಗೆ ಗಟ್ಟಿಯಾಗುವಾಗ ಕಾಂಪೊಸಿಟ್ ಸಾಮಾನ್ಯವಾಗಿ ಶೇಕಡ 2ರಿಂದ 3ರಷ್ಟು ಕುಗ್ಗುತ್ತದೆ. ಕುಗ್ಗುವಾಗ ಹಲ್ಲಿನ ಗೋಡೆಯನ್ನು ಬಿಟ್ಟು ಕೂದಲೆಳೆಯಷ್ಟು ಈಚೆ ಬಂದರೂ ಸಾಕು, ಆ ಸಂದಿನಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡುತ್ತವೆ. ಆದ್ದರಿಂದಲೇ ವೈದ್ಯರು ಒಂದೇ ಸಲಕ್ಕೆ ಮೆತ್ತದೆ, ಸಾಮಾನ್ಯವಾಗಿ ಎರಡು ಮಿಲಿಮೀಟರ್ ದಪ್ಪದ ಪದರಗಳಾಗಿ ತುಂಬಿ, ಪ್ರತಿ ಪದರಕ್ಕೂ ಬೆಳಕು ಹಿಡಿಯುವುದು. ಇನ್ನು ಎಂಜಲು. ಅಂಟು ಹಚ್ಚುವ ಹೊತ್ತಿನಲ್ಲಿ ಒಂದು ಹನಿ ಎಂಜಲೋ ವಸಡಿನ ರಕ್ತವೋ ತಾಗಿದರೆ ಹಿಡಿತ ಸಡಿಲವಾಗುತ್ತದೆ. ಒದ್ದೆ ಪಾತ್ರೆಗೆ ಎಂಸೀಲ್ ಮೆತ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಡೆ ಕೆನ್ನೆ, ಒಂದು ಕಡೆ ನಾಲಿಗೆ ಒತ್ತುತ್ತಿರುವ ಕೊನೆಯ ದವಡೆ ಹಲ್ಲನ್ನು ಅರ್ಧ ಗಂಟೆ ಒಣಗಿಸಿಡುವುದು ಸಣ್ಣ ಕೆಲಸವಲ್ಲ. ಕೆಲವು ವೈದ್ಯರು ಹಲ್ಲಿನ ಸುತ್ತ ತೆಳು ರಬ್ಬರ್ ಹಾಳೆ ಬಿಗಿಯುತ್ತಾರೆ. ಕಿರಿಕಿರಿ ಎನಿಸಿದರೂ ಸಹಿಸಿಕೊಳ್ಳಿ. ಆ ಹಾಳೆ ಇರುವುದು ನಿಮ್ಮ ಹಲ್ಲಿನ ಒಳಿತಿಗೆ.

ಅಂಕಿಗಳು ಏನು ಹೇಳುತ್ತವೆ?

ದವಡೆ ಹಲ್ಲಿನ ಕಾಂಪೊಸಿಟ್ ಕುರಿತ ಹಲವು ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2014ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹತ್ತು ವರ್ಷಗಳ ಲೆಕ್ಕದಲ್ಲಿ ವರ್ಷಕ್ಕೆ ಸರಾಸರಿ ಶೇಕಡ 2.4ರಷ್ಟು ಕೆಡುತ್ತವೆ. ಅಂದರೆ ಇಂದು ನೂರು ಹಲ್ಲು ತುಂಬಿದರೆ ಹತ್ತು ವರ್ಷದ ಮೇಲೆ ಮುಕ್ಕಾಲಿಗೂ ಹೆಚ್ಚು ಸುಸ್ಥಿತಿಯಲ್ಲಿ ಇರುತ್ತವೆ. ಆದರೆ ಇದೇ ವಿಶ್ಲೇಷಣೆಯಲ್ಲಿ ಇನ್ನೊಂದು ಅಂಶ ಇದೆ. ಹುಳುಕಿನ ಕಾಟ ಕಡಿಮೆ ಇರುವವರ ಬಾಯಲ್ಲಿ ಈ ಪ್ರಮಾಣ 1.6, ಕಾಟ ಹೆಚ್ಚಿರುವವರ ಬಾಯಲ್ಲಿ 4.6. ಮೂರು ಪಟ್ಟಿನ ಹತ್ತಿರ! ತುಂಬುವ ಪದಾರ್ಥ ಅದೇ ಬಗೆಯದು, ಬಾಯಿ ಮಾತ್ರ ಬೇರೆ. ಗುಳಿಯ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಹಲ್ಲಿನ ಒಂದು ಮೈ ಮಾತ್ರ ತುಂಬಿಸಿದ್ದಕ್ಕಿಂತ ಎರಡು, ಮೂರು ಮೈ ಸೇರಿಸಿ ತುಂಬಿಸಿದ್ದು ಬೇಗ ಕೆಡುತ್ತದೆ. ಪ್ರತಿ ಹೆಚ್ಚುವರಿ ಮೈಗೂ ಅಪಾಯ ಶೇಕಡ 30ರಿಂದ 40ರಷ್ಟು ಏರುತ್ತದೆ.

ಬ್ರೆಜಿಲ್ ದೇಶದ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ 61 ಮಂದಿಗೆ ತುಂಬಿದ್ದ 362 ಕಾಂಪೊಸಿಟ್‌ಗಳನ್ನು 22 ವರ್ಷ ಬಿಟ್ಟು ಪರೀಕ್ಷಿಸಿದ ವರದಿ 2011ರಲ್ಲಿ ಬಂತು. ಆಗಲೂ ಬಹುಪಾಲು ಗಟ್ಟಿಯಾಗಿಯೇ ಇದ್ದವು. ನೆನಪಿಡಿ, ಇವರೆಲ್ಲ ತಪ್ಪದೆ ತಪಾಸಣೆಗೆ ಬರುತ್ತಿದ್ದವರು.

ಇದಕ್ಕೆ ವಿರುದ್ಧವಾದ ಚಿತ್ರ ಪೋರ್ಚುಗಲ್‌ನ ಲಿಸ್ಬನ್ ನಗರದ್ದು. ಅಲ್ಲಿ ಹುಳುಕು ಹಲ್ಲಿದ್ದ 8ರಿಂದ 12 ವರ್ಷದ ಮಕ್ಕಳಲ್ಲಿ ಕೆಲವರಿಗೆ ಬೆಳ್ಳಿ, ಅಂದರೆ ಅಮಾಲ್ಗಮ್, ಇನ್ನು ಕೆಲವರಿಗೆ ಕಾಂಪೊಸಿಟ್ ತುಂಬಿ ಏಳು ವರ್ಷ ಗಮನಿಸಿದರು. 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ ಬೆಳ್ಳಿಯಲ್ಲಿ ಶೇಕಡ 94.4, ಕಾಂಪೊಸಿಟ್‌ನಲ್ಲಿ 85.5 ಉಳಿದಿದ್ದವು. ಅಂಚಿನಲ್ಲಿ ಮತ್ತೆ ಹುಳುಕು ಹಿಡಿಯುವ ಸಂಭವ ಕಾಂಪೊಸಿಟ್‌ನಲ್ಲಿ 3.5 ಪಟ್ಟು ಹೆಚ್ಚಿತ್ತು.

ಹಾಗಾದರೆ ಬೆಳ್ಳಿಯೇ ಲೇಸಲ್ಲವೇ ಎಂದು ನೀವು ಕೇಳಬಹುದು. ಬಾಳಿಕೆಯ ದೃಷ್ಟಿಯಿಂದ ಹೌದು. ಆದರೆ ಅದರಲ್ಲಿ ಅರ್ಧದಷ್ಟು ಪಾದರಸ. ಪರಿಸರದಲ್ಲಿ ಪಾದರಸ ಕಡಿಮೆ ಮಾಡಬೇಕೆಂಬ ಮಿನಮಾಟಾ ಒಪ್ಪಂದದ ಫಲವಾಗಿ ಅದರ ಬಳಕೆ ಎಲ್ಲೆಡೆ ಇಳಿಯುತ್ತಿದೆ. 15 ವರ್ಷದೊಳಗಿನ ಮಕ್ಕಳಿಗೆ, ಬಸುರಿ ಬಾಣಂತಿಯರಿಗೆ ಅದು ಬೇಡವೆಂದು 2022ರಲ್ಲಿ ಒಪ್ಪಂದದ ರಾಷ್ಟ್ರಗಳು ತೀರ್ಮಾನಿಸಿದವು. ಹಾಗೆಂದು ಇಪ್ಪತ್ತು ವರ್ಷದ ಹಿಂದೆ ಹಾಕಿಸಿದ ಬೆಳ್ಳಿ ಗಟ್ಟಿಯಾಗಿದ್ದರೆ, ಕಪ್ಪಾಗಿ ಕಾಣುತ್ತದೆಂಬ ಕಾರಣಕ್ಕೆ ಕೀಳಿಸಿ ಬಿಳಿಯದು ಹಾಕಿಸಬೇಡಿ. ತೆಗೆಯುವಾಗ ಅದರ ಜೊತೆ ಒಳ್ಳೆಯ ಹಲ್ಲೂ ಸ್ವಲ್ಪ ಹೋಗುತ್ತದೆ.

ನನ್ನ ಪ್ರಕಾರ ಇಡೀ ವಿಷಯದ ತಿರುಳು ಇಲ್ಲೇ ಇದೆ. ಪ್ರತಿ ಸಲ ಹಳೆಯದನ್ನು ತೆಗೆದು ಹೊಸದು ತುಂಬಿದಾಗ ಗುಳಿ ದೊಡ್ಡದಾಗುತ್ತದೆ, ಉಳಿದ ಗೋಡೆ ತೆಳುವಾಗುತ್ತದೆ. ಸಣ್ಣ ಗುಳಿ ಮುಂದೆ ದೊಡ್ಡ ಗುಳಿ, ಆಮೇಲೆ ಬೇರುನಾಳ ಚಿಕಿತ್ಸೆ, ಆಮೇಲೆ ಕ್ಯಾಪ್, ಕಡೆಗೆ ಕೀಳುವುದು. ಹದಿನೈದರ ಹುಡುಗಿಗೆ ಇಂದು ತುಂಬಿಸುವ ಹಲ್ಲು ಐವತ್ತು ವರ್ಷಕ್ಕೂ ಮೀರಿ ಜಗಿಯಬೇಕು.

ನಿಮ್ಮ ಕೈಯಲ್ಲಿರುವುದು

ನಮ್ಮ ಮನೆಗಳಲ್ಲಿ ಸಕ್ಕರೆ ತಿನ್ನುವ ಪ್ರಮಾಣದಷ್ಟೇ ತೊಂದರೆ ಕೊಡುವುದು ಎಷ್ಟು ಸಲ ತಿನ್ನುತ್ತೇವೆ ಎಂಬುದು. ಊಟದ ಜೊತೆ ಒಂದು ಹೋಳಿಗೆ ತಿಂದು ಮುಗಿಸುವುದಕ್ಕಿಂತ, ಬೆಳಿಗ್ಗೆಯಿಂದ ಸಂಜೆಯವರೆಗೆ ಆರು ಬಾರಿ ಬೈ-ಟು ಕಾಫಿ ಕುಡಿಯುವುದು ಹಲ್ಲಿಗೆ ಹೆಚ್ಚು ಕೆಟ್ಟದ್ದು. ಪ್ರತಿ ಗುಟುಕಿನ ಮೇಲೂ ಬಾಯಲ್ಲಿ ಅರ್ಧ ಗಂಟೆಯ ಹೊತ್ತು ಆಮ್ಲ ಇರುತ್ತದೆ. ರಾತ್ರಿ ಮಲಗುವ ಮುನ್ನ ಫ್ಲೋರೈಡ್ ಪೇಸ್ಟ್‌ನಿಂದ ಹಲ್ಲುಜ್ಜಿ. ಎರಡು ಹಲ್ಲುಗಳ ನಡುವೆ ತುಂಬಿಸಿದ್ದರೆ ಬ್ರಷ್ ಅಲ್ಲಿಗೆ ಮುಟ್ಟುವುದಿಲ್ಲ. ಹಲ್ಲುದಾರ ಅಥವಾ ಸಂದಿಯ ಪುಟ್ಟ ಬ್ರಷ್ ಬಳಸಬೇಕು. ದೊಡ್ಡದಾಗಿ ತುಂಬಿಸಿಕೊಂಡ ಕಡೆಯಿಂದ ಗೋಟಡಿಕೆ ಕಡಿಯುವುದು, ಕಬ್ಬು ಸಿಗಿಯುವುದು ಬೇಡ. ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿದ್ದರೆ, ಬಾಯಿ ಒಣಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಅವರನ್ನು ನೀವೂ ಕೇಳಬಹುದು: ಉಳಿದ ಹಲ್ಲಿನ ಗೋಡೆ ಕಾಂಪೊಸಿಟ್ ತಡೆಯುವಷ್ಟು ಗಟ್ಟಿ ಇದೆಯೇ, ಕ್ಯಾಪ್ ಮೇಲೇ? ಗುಳಿ ವಸಡಿನ ಕೆಳಗೆ ಇಳಿದಿದೆಯೇ? ಅಲ್ಲಿ ಎನಾಮಲ್ ಇಲ್ಲದ ಕಾರಣ ಅಂಟಿನ ಹಿಡಿತ ದುರ್ಬಲ. ಮೊದಲೇ ಹಾಕಿಸಿದ್ದರ ಅಂಚು ಕಾಫಿ ಕಲೆಯಿಂದ ಕಂದಿದ್ದರೆ ಅದು ಹುಳುಕೇ ಆಗಬೇಕೆಂದಿಲ್ಲ; ಎಷ್ಟೋ ಸಲ ಉಜ್ಜಿ ಪಾಲಿಶ್ ಮಾಡಿದರೆ ಸಾಕು. ಚಿಕ್ಕ ಮೂಲೆ ಮುರಿದಿದ್ದರೆ ಅಷ್ಟನ್ನೇ ರಿಪೇರಿ ಮಾಡಲು ಬರುತ್ತದೆ, ಪೂರ್ತಿ ಕೊರೆಯಬೇಕಾಗಿಲ್ಲ.

ಆಹಾರ ಹೊಸದಾಗಿ ಅಲ್ಲೇ ಸಿಕ್ಕಿಕೊಳ್ಳತೊಡಗಿದರೆ, ದಾರ ಹಾಕಿದಾಗ ಎಳೆ ಎಳೆಯಾಗಿ ಹರಿದರೆ, ತಣ್ಣೀರಿಗೆ ಜುಂ ಎಂದದ್ದು ಬೇಗ ಇಳಿಯದಿದ್ದರೆ ತೋರಿಸಲು ತಡಮಾಡಬೇಡಿ. ತುಂಬಿಸಿದ ಮೊದಲ ಕೆಲವು ದಿನ ತುಸು ಜುಮ್ಮೆನ್ನುವುದು ಸಹಜ. ಕಚ್ಚಿದಾಗ ಆ ಹಲ್ಲೊಂದೇ ಎತ್ತರವಾಗಿದೆ ಎನಿಸಿದರೆ ಮಾತ್ರ 'ಅಭ್ಯಾಸವಾಗುತ್ತದೆ ಬಿಡು' ಎಂದು ಸುಮ್ಮನಿರಬೇಡಿ. ಮಾರನೆಯ ದಿನವೇ ಹೋಗಿ ತೀಡಿಸಿಕೊಂಡು ಬನ್ನಿ. ಐದು ನಿಮಿಷದ ಕೆಲಸ.